ಕೊಬ್ಬು ಕರಗಿಸುವವಳು

"ಚೆಲ್ಲಿಬಿಟ್ರಾ?"

ಕೋಲ್ಡ್ ರೂಮಿನ ಬಾಗಿಲು ಹಿಡಿದು ನಿಂತವಳ ಬಾಯಿಂದ ಹೊರಟದ್ದು ಅದೊಂದೇ ಮಾತು. ಕಾರಿಡಾರಿನ ಆ ತುದಿಯ ಕ್ಯಾಂಟೀನಿನಲ್ಲಿ ಚಮಚ ಅಲ್ಲಾಡಿಸುತ್ತಿದ್ದವರೂ ಕೈ ನಿಲ್ಲಿಸಿದರು.

ಒಳಗೆ, ಮಂಜುಗಡ್ಡೆಯ ಡಬ್ಬಿಯ ಮುಂದೆ, ಉಣ್ಣೆಯ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡು ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ.

"ಚೆಲ್ಲಿದೆ," ಅಂದ. "ಹಸಿರಾಗಿತ್ತು."

"ಹಸಿರಾಗಿದ್ರೆ?"

"ಕಾಲಮ್ಮಿನ ನಿಕ್ಕೆಲ್ ಬಿಟ್ಕೊಂಡಿದೆ ಅಂದ್ಕೊಂಡೆ."

"ಅಂದ್ಕೊಂಡ್ರಾ! ಅಂದ್ಕೊಳ್ಳೋಕೆ ನಿಮ್ಮನ್ನ ಯಾರು ಕರೆದಿದ್ರು?"

ಅವಳ ಕೋಪ ಮೂಗಿನ ತುದಿಯಲ್ಲಿರುತ್ತೆ ಅಂತ ಲ್ಯಾಬಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದು ಅವಳಿಗೆ ಮಾಡಿದ ಅನ್ಯಾಯ. ಮೂಗಿನ ತುದಿಯವರೆಗೆ ಹೋಗಿ ಕೂರುವಷ್ಟು ಪುರುಸೊತ್ತು ಅವಳ ಕೋಪಕ್ಕೆ ಎಲ್ಲಿತ್ತು?

ಅವಳು ಮಾಡುತ್ತಿದ್ದದ್ದು ಒಂದು ಎನ್ಜೈಮು. ನಮ್ಮ ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯ ಅನ್ನುವ ಪುಟ್ಟ ಪುಟ್ಟ ಒಲೆಗಳಿವೆಯಲ್ಲ, ಅವುಗಳೊಳಗೆ ಕೂತು ಕೊಬ್ಬನ್ನು ಒಡೆದು ಉರಿಗೆ ಹಾಕುವ ಎನ್ಜೈಮು. ಹೊಟ್ಟೆ ತುಂಬಿರುವಾಗ ಅದನ್ನು ಕೇಳುವವರಿಲ್ಲ. ಹಸಿದಾಗ, ಜ್ವರ ಬಂದು ಊಟ ಬಿಟ್ಟಾಗ, ಮೈಯನ್ನು ಎತ್ತಿ ಹಿಡಿಯುವುದು ಅದೇ. ಮನುಷ್ಯರ ಮೈಯಿಂದ ಅದನ್ನು ಕಿತ್ತು ತರೋ ಹಾಗಿಲ್ಲ. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಯಲ್ಲೇ ಮಾಡಿಸಿ, ಆಮೇಲೆ ನಿಕ್ಕೆಲ್ ತುಂಬಿದ ಗಾಜಿನ ಕೊಳವೆಯಲ್ಲಿ ಸೋಸಿ ತೆಗೆಯಬೇಕು. ಆ ಕೊಳವೆಗೆ ಕಾಲಮ್ ಅಂತ ಹೆಸರು.

ಈ ಕೆಲಸಕ್ಕಾಗಿ ಲ್ಯಾಬಿನವರು ಅವಳಿಗೆ 'ಕೊಬ್ಬು ಕರಗಿಸುವವಳು' ಅಂತ ಹೆಸರಿಟ್ಟಿದ್ದರು. ಅದರಲ್ಲಿ ಅರ್ಧ ಪಾಲು ಎನ್ಜೈಮಿನದು, ಇನ್ನರ್ಧ ಅವಳ ನಾಲಗೆಯದು.

ಅವನು ಪ್ರೊಟೀನುಗಳಿಂದ ಹರಳು ಬೆಳೆಸುವವನು. ಬೇರೆ ಲ್ಯಾಬಿನಿಂದ ಹೊಸದಾಗಿ ಬಂದವನು. ಕೆಲಸ ಹರಳಿನದು, ಮುಖ ಹರಳೆಣ್ಣೆ ಕುಡಿದವನದು. ಬಂದ ವಾರವೇ ಅವಳು 'ಹರಳೆಣ್ಣೆ' ಅಂತ ಕರೆದಳು, ಹೆಸರು ಅಂಟಿಕೊಂಡಿತು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾಗಂತ ಅವಳು ಅಂದುಕೊಂಡಿದ್ದಳು. ಅವನನ್ನು ಯಾರೂ ಕೇಳಿರಲಿಲ್ಲ.

ಅವಳು ಕಸದ ಬಕೆಟ್ಟಿಗೆ ಕೈ ಹಾಕಿ ಒಂದು ಖಾಲಿ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಒಂದು ಹನಿ ಉಳಿದಿತ್ತು. ಹಸಿರು.

"ನೋಡಿ. ಸರಿಯಾಗಿ ನೋಡಿ. ಇದು ನಿಕ್ಕೆಲ್ ಬಣ್ಣಾನಾ? ಈ ವಂಶದ ಎನ್ಜೈಮುಗಳು ಕೆಲವು ಸಲ ಹಸಿರಾಗೇ ಬರ್ತವೆ. ಬ್ಯಾಕ್ಟೀರಿಯಾದೊಳಗಿಂದ ಏನನ್ನೋ ಗಟ್ಟಿಯಾಗಿ ಹಿಡ್ಕೊಂಡು ಬಂದಿರ್ತವೆ. ಹಿಡ್ಕೊಳ್ಳೋಕೆ ಕೈ ಸರಿಯಿದೆ ಅಂತ ತಾನೇ ಅರ್ಥ? ನೀವು ಚೆಲ್ಲಿದ್ದು ನಮ್ಮ ಪುಟ್ಟೀನ!"

ಕೆಲಸ ಗೊತ್ತಿಲ್ಲದವನಾಗಿದ್ದರೆ ಟ್ಯೂಬುಗಳನ್ನು ಹಾಗೇ ಇಟ್ಟು ಕೇಳುತ್ತಿದ್ದ. ನಿಕ್ಕೆಲ್ಲಿನ ಹಸಿರು ಕಂಡು ಕೈ ಸುಟ್ಟುಕೊಂಡವನು ಮಾತ್ರ ಇಷ್ಟು ಧೈರ್ಯವಾಗಿ ಚೆಲ್ಲಬಲ್ಲ. ಅವನ ಮುಖ ಮೊದಲ ಸಲ ಬದಲಾಯಿತು.

"ಪುಟ್ಟಿ ಅಂದ್ರೆ?"

ಅವಳು ಬಾಗಿಲು ದಡಾರನೆ ಹಾಕಿಕೊಂಡು ಹೋದಳು.

ಪುಟ್ಟಿ ಅವಳ ಅಕ್ಕನ ಮಗಳು. ಮಗುವಿಗೆ ಈ ಎನ್ಜೈಮಿನ ಜೀನಿನಲ್ಲಿ ಒಂದು ಅಕ್ಷರ ಬದಲಾಗಿದೆ ಅಂತ ಪರೀಕ್ಷೆಯಲ್ಲಿ ಬಂದಿತ್ತು. ಆ ಬದಲಾವಣೆಯನ್ನು ಹಿಂದೆ ಯಾರೂ ಕಂಡಿರಲಿಲ್ಲ. ಅದರಿಂದ ಏನೂ ಆಗದಿರಬಹುದು, ಆಗಲೂಬಹುದು ಅಂದರು ಡಾಕ್ಟರು. ಗೊತ್ತಾಗುವವರೆಗೆ ಮಗುವನ್ನು ಹಸಿದಿರಲು ಬಿಡಬೇಡಿ, ರಾತ್ರಿ ಎಬ್ಬಿಸಿ ತಿನ್ನಿಸಿ ಅಂದರು. ಅಂದಿನಿಂದ ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಪೂರ್ತಿ ಒಂದು ನಿದ್ದೆ ಅಂದರೆ ಏನೆನ್ನುವುದೇ ಆ ಮನೆಗೆ ಮರೆತುಹೋಗಿತ್ತು.

ಡಾಕ್ಟರು ಕೇಳಿದ್ದರಿಂದ, ಲ್ಯಾಬಿನ ಮುಖ್ಯಸ್ಥೆ ಒಪ್ಪಿದ್ದರಿಂದ, ಅವಳು ಪುಟ್ಟಿಯದೇ ಅಕ್ಷರ ಇರುವ ಎನ್ಜೈಮನ್ನು ಮಾಡಲು ಹೊರಟಿದ್ದಳು. ಮಗು ರಾತ್ರಿಯಿಡೀ ಮಲಗಬಹುದೋ ಇಲ್ಲವೋ? ಇಷ್ಟೇ ಪ್ರಶ್ನೆ. ಬ್ಯಾಕ್ಟೀರಿಯಾ ಬಹಳ ಸತಾಯಿಸಿ, ಅಂತೂ ಚೂರೇಚೂರು ಮಾಡಿಕೊಟ್ಟಿತ್ತು. ಅದನ್ನು ಕಾಲಮ್ಮಿಗೆ ಸುರಿಯುತ್ತಿರುವಾಗಲೇ ಅಕ್ಕನ ಫೋನು ಬಂತು: ಪುಟ್ಟಿ ವಾಂತಿ ಮಾಡುತ್ತಿದ್ದಾಳೆ, ಆಸ್ಪತ್ರೆಗೆ ಹೊರಟಿದ್ದೇವೆ. ಅವಳು ಎಲ್ಲ ಬಿಟ್ಟು ಓಡಿದಳು. ಗ್ಲುಕೋಸ್ ಏರಿಸಿದ ಮೇಲೆ ಮಗು ಚೇತರಿಸಿಕೊಂಡಿತು. ವಾಪಸ್ ಬಂದರೆ ಇಲ್ಲಿ ಹೀಗೆ.

ವಾರದ ಮೀಟಿಂಗಿನಲ್ಲಿ ಅವಳು ಅವನನ್ನು ಎಲ್ಲರೆದುರು ಅರೆದು ಪುಡಿ ಮಾಡಿದಳು. ಮುಖ್ಯಸ್ಥೆಯನ್ನು ಎಲ್ಲರೂ ಬೆನ್ನ ಹಿಂದೆ 'ದೊಡ್ಡಮ್ಮ' ಅನ್ನುತ್ತಿದ್ದರು. ದೊಡ್ಡಮ್ಮ ಕನ್ನಡಕ ತೆಗೆದು ಅವನ ಕಡೆ ತಿರುಗಿದರು.

"ಚೆಲ್ಲೋಕೆ ಯಾರು ಹೇಳಿದ್ದು?"

ಅವನು ಅವಳನ್ನು ನೋಡಿದ. ಬೈಸಿಕೊಂಡವರು ಹಾಗೆ ನೋಡುವುದಿಲ್ಲ. ಜ್ವರ ಇದೆಯಾ ಅಂತ ಹಣೆ ಮುಟ್ಟುವ ಮುಂಚೆ ನೋಡುತ್ತಾರಲ್ಲ, ಹಾಗಿತ್ತು. ಅವಳಿಗೆ ಆ ನೋಟಕ್ಕೆ ಇನ್ನಷ್ಟು ಸಿಟ್ಟು ಬಂತು.

"ಯಾರೂ ಇಲ್ಲ," ಅಂದ. "ನನ್ನ ತಪ್ಪು."

"ಕೊಬ್ಬು!" ಅಂದಳು ಅವಳು. "ಬೇರೇನಿಲ್ಲ, ಕೊಬ್ಬು."

"ಅದನ್ನ ಕರಗಿಸೋಕೆ ನೀವಿದ್ದೀರಲ್ಲ."

ಇಡೀ ರೂಮು ನಕ್ಕಿತು. ಅವನು ಮಾತ್ರ ನಗಲಿಲ್ಲ. ಅವಳ ಕೈಯಲ್ಲಿ ಪೆನ್ನಿನ ಮುಚ್ಚಳ ಮುರಿಯಿತು.

"ಮುಂದಿನ ಬ್ಯಾಚು ಇಬ್ಬರೂ ಸೇರಿ ಮಾಡಿ," ಅಂದರು ದೊಡ್ಡಮ್ಮ. "ಕಾದಾಡೋದಾದ್ರೆ ಕೋಲ್ಡ್ ರೂಮಲ್ಲಿ ಕಾದಾಡಿ. ಅಲ್ಲಿ ತಣ್ಣಗಿದೆ."

ಆ ಸಂಜೆ ಅವಳು ಅಕ್ಕನ ಮನೆಗೆ ಹೋದಳು. ಪುಟ್ಟಿ ನೆಲದ ಮೇಲೆ ಕೂತು ಬಕೆಟ್ಟಿನ ಮುಚ್ಚಳವನ್ನು ಸ್ಟೇರಿಂಗ್ ಮಾಡಿಕೊಂಡು ಬಸ್ ಓಡಿಸುತ್ತಿತ್ತು, ನಡುನಡುವೆ ಕೆಮ್ಮುತ್ತಿತ್ತು. ಅಕ್ಕನ ಕಣ್ಣ ಕೆಳಗೆ ಕಪ್ಪು ಹರಡಿತ್ತು.

"ಕೆಮ್ಮಿನ ಔಷಧಿ ಎಲ್ಲಿಟ್ಟಿದ್ದೀಯ?" ಅಂತ ಅವಳು ಕಪಾಟು ತೆಗೆದು ಕೇಳಿದಳು. ಒಳಗೆ ಒಂದೇ ಒಂದು ಬಾಟಲಿ ಇತ್ತು, ಹಳದಿ ಬಣ್ಣದ್ದು. "ಉಳಿದ ಬಾಟಲಿಗಳೆಲ್ಲ ಏನಾದವು?"

"ಚೆಲ್ಲಿದೆ."

"ಚೆಲ್ಲಿದ್ಯಾ? ಈ ಊರಿಗೆ ಏನು ರೋಗ ಬಂದಿದೆ? ಎಲ್ಲರೂ ಚೆಲ್ಲೋರೇ! ಯಾರು ಹೇಳಿದ್ರು ನಿನಗೆ?"

ಅಕ್ಕನಿಗೂ ರೇಗಿತು. ತಂಗಿಗೆ ಆ ಸಿಟ್ಟು ಆಕಾಶದಿಂದ ಬಿದ್ದದ್ದೇನಲ್ಲವಲ್ಲ. "ನೀನೇ ಹೇಳಿದ್ದು! ಆಸ್ಪತ್ರೆ ಬಾಗಿಲಿಂದ ಕಿರುಚಿಕೊಂಡು ಬಂದ್ಯಲ್ಲ, 'ಹಳದಿ ಇಟ್ಕೊಳ್ಳಿ, ಉಳಿದದ್ದು ಚೆಲ್ಲಿ' ಅಂತ! ಪುಟ್ಟಿ ಔಷಧಿ ವಿಷ್ಯ ಅಂದ್ಕೊಂಡೆ. ಡಾಕ್ಟರ್ ಏನೋ ಹೇಳಿರ್ಬೇಕು ಅಂತ ಮನೆಗೆ ಬಂದವಳೇ ಎಲ್ಲ ಸಿಂಕಿಗೆ ಸುರಿದೆ."

"ನಾನಾ?"

"ನೀನಲ್ದೆ ಇನ್ಯಾರು? ಕಿವಿಗೆ ಫೋನ್ ಬೇರೆ ಇತ್ತು. ಎರಡು ಸಲ ಹೇಳಿದೆ."

ಅವಳು ಅಲ್ಲೇ ಕಪಾಟಿನ ಮುಂದೆ ಕುಕ್ಕರಿಸಿದಳು. ಫೋನ್ ಮಾಡಿದ್ದು ನೆನಪಿತ್ತು. ಲ್ಯಾಬಿನ ನಂಬರಿಗೆ ಮಾಡಿ, ಯಾರು ಎತ್ತಿದರೆಂದೂ ಕೇಳದೆ ಏನೋ ಕೂಗಿದ್ದೂ ನೆನಪಿತ್ತು. ಏನು ಕೂಗಿದೆ ಅನ್ನುವುದು ಮಾತ್ರ ಆ ಗಾಬರಿಯಲ್ಲಿ ಅಳಿಸಿಹೋಗಿತ್ತು. ಆರೋಗ್ಯವಂತರ ಎನ್ಜೈಮು ಯಾವತ್ತೂ ಹಳದಿಯಾಗೇ ಬರುತ್ತಿತ್ತು. ಅದೇ ಅಭ್ಯಾಸದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ್ದಳು. ಪುಟ್ಟಿಯದು ಹಸಿರಾಗಿ ಇಳಿಯುತ್ತದೆ ಅಂತ ಯಾರು ಕಂಡಿದ್ದರು?

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದರು. ಅವಳಿಗೂ ನಾಚಿಕೆಯಾಯಿತು, ಆದರೆ ಮನೆ ಸೇರುವಷ್ಟರಲ್ಲಿ ಅದು ಕಾದು ಕೋಪವಾಗಿತ್ತು.

ಬೆಳಿಗ್ಗೆ ಅವನು ಮೈಕ್ರೊಸ್ಕೋಪಿನಲ್ಲಿ ಕಣ್ಣಿಟ್ಟು ಕೂತಿದ್ದ. ಅವಳು ಹೋದವಳೇ ಅದರ ದೀಪ ಆರಿಸಿದಳು.

"ಫೋನ್ ಎತ್ತಿದ್ದು ನೀವು."

ಅವನು ತಲೆ ಎತ್ತಿದ. "ಹೌದು."

"ಚೆಲ್ಲಿ ಅಂದಿದ್ದು ನಾನು."

"ಹೌದು."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ಯಾಕೆ ಕೂತಿದ್ರಿ? ನನಗೆ ದಾನ ಮಾಡೋಕೆ ನೀವ್ಯಾರು?"

"ನಿಮ್ಮ ಮನೆ ಮಗು ಆಸ್ಪತ್ರೇಲಿತ್ತು. ಎಲ್ಲರ ಮುಂದೆ 'ಇವರೇ ಹೇಳಿದ್ದು' ಅಂತ ಬೊಟ್ಟು ಮಾಡಿ ತೋರಿಸ್ಬೇಕಿತ್ತಾ?"

"ತೋರಿಸ್ಬೇಕಿತ್ತು!"

"ಆಗ ಇದಕ್ಕಿಂತ ಜೋರಾಗಿ ಬೈತಿದ್ರಿ."

"ಬೈತಿದ್ದೆ! ಆದ್ರೆ ನ್ಯಾಯವಾಗಿ ಬೈತಿದ್ದೆ!"

ಅವನ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಹರಳೆಣ್ಣೆ ಮುಖದಲ್ಲಿ ಅಂಥದ್ದೊಂದು ಮೂಲೆ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ. ನೋಡಬಾರದಿತ್ತು, ನೋಡಿದಳು. ಆಮೇಲೆ ಆ ದಿನವೆಲ್ಲ ಕೈಗೆ ಸಿಕ್ಕಿದ ಗಾಜಿನ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು.

ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು, "ಆವತ್ತು ಚೆಲ್ಲೋಕೆ ಹೇಳಿದ್ದು ನಾನು. ತಪ್ಪು ನನ್ನದು. ಇವರು ಸುಳ್ಳು ಹೇಳಿದ್ರು, ಅದಕ್ಕೆ ಇವರಿಗೂ ಬೈಯಿರಿ," ಅಂದಳು. ಇಂಥ ಕ್ಷಮೆಯನ್ನು ದೊಡ್ಡಮ್ಮ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಹೊಸ ಬ್ಯಾಚು ಬೆಳೆದು, ಬ್ಯಾಕ್ಟೀರಿಯಾ ಒಡೆದು, ಕಾಲಮ್ಮಿಗೆ ಬಂತು. ಇಬ್ಬರೂ ಕೋಲ್ಡ್ ರೂಮಿನಲ್ಲಿ ಅಕ್ಕಪಕ್ಕದ ಸ್ಟೂಲುಗಳ ಮೇಲೆ ಕೂತರು. ಗಾಜಿನ ಕೊಳವೆಯಲ್ಲಿ ಒಂದು ಹಸಿರು ಪಟ್ಟಿ ನಿಧಾನವಾಗಿ ಕೆಳಗೆ ಇಳಿಯತೊಡಗಿತು. ಇಬ್ಬರ ಉಸಿರೂ ಹೊಗೆಯಾಗಿ ಹೊರಬಂದು ಒಂದೇ ಕಡೆ ಸೇರುತ್ತಿತ್ತು. ಅದನ್ನು ಮೊದಲು ಗಮನಿಸಿದವಳು ಅವಳು. ಗಮನಿಸಿ ಮುಖ ಆ ಕಡೆ ತಿರುಗಿಸಿದವಳೂ ಅವಳೇ.

"ಅದೇನನ್ನ ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ?" ಅಂತ ಅವನು ಕೇಳಿದ.

"ಸುಳ್ಳು ತುತ್ತು. ಕೊಬ್ಬಿನ ಥರಾನೇ ಕಾಣುತ್ತೆ. ಒಡೆಯೋಕಾಗಲ್ಲ, ಬಿಡೋಕೂ ಮನಸ್ಸಿಲ್ಲ."

"ಪಾಪ."

"ಪಾಪ ಅಲ್ಲ, ಮೊಂಡು."

"ನಿಮ್ಮ ಕೋಪದ ಥರ."

"ನೋಡಿ, ನನ್ನನ್ನ ಎನ್ಜೈಮಿಗೆ ಹೋಲಿಸಿದ್ರೆ ಈ ಸ್ಟೂಲಿಂದ ತಳ್ಳಿಬಿಡ್ತೀನಿ."

"ತಳ್ಳಿ. ಬಿದ್ದು ಎದ್ರೆ ಮೈಯಾದ್ರೂ ಬೆಚ್ಚಗಾಗುತ್ತೆ." ಅವನು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಟ್ಯೂಬು ಬದಲಿಸಲು ಹೊರತೆಗೆದಾಗ ಬೆರಳುಗಳ ತುದಿ ನೀಲಿಗಟ್ಟಿದ್ದು ಕಂಡಿತು. ಅವಳು ತನ್ನ ಗ್ಲೌಸು ಕಿತ್ತು ಅವನ ತೊಡೆಯ ಮೇಲೆ ಎಸೆದಳು.

"ಹಾಕ್ಕೊಳ್ಳಿ. ನಿಮ್ಮ ಕೈ ನಡುಗಿದ್ರೆ ಟ್ಯೂಬು ಬೀಳುತ್ತೆ. ಅದಕ್ಕೆ ಕೊಟ್ಟೆ."

"ಗೊತ್ತು," ಅಂದ ಅವನು. ಗ್ಲೌಸು ಅವನ ಅಂಗೈಯ ಅರ್ಧಕ್ಕೇ ನಿಂತಿತು. ಆದರೂ ತೆಗೆಯಲಿಲ್ಲ.

ಈ ಸಲ ಒಂದು ಹನಿಯೂ ಚೆಲ್ಲಲಿಲ್ಲ. ಹಸಿರನ್ನು ಬಿಡಿಸಿ ತೆಗೆದ ಮೇಲೆ ಪುಟ್ಟಿಯ ಎನ್ಜೈಮೂ ಹಳದಿಯಾಯಿತು. ಇನ್ನು ಉಳಿದದ್ದು ಬಿಸಿಯ ಪರೀಕ್ಷೆ. ಮೈ ಎಷ್ಟು ಬೆಚ್ಚಗಿರುತ್ತದೋ ಅಷ್ಟರಲ್ಲಿಟ್ಟು ನೋಡಿದರು: ಕೊಬ್ಬು ಒಡೆಯಿತು. ಸ್ವಲ್ಪ ನಿಧಾನ, ಆದರೆ ಒಡೆಯಿತು. ಅವಳು ಉಸಿರು ಬಿಟ್ಟಳು. ಆಮೇಲೆ ಜ್ವರದ ಬಿಸಿಗೆ ಏರಿಸಿದರು. ಸ್ಕ್ರೀನಿನ ಮೇಲೆ ಗೆರೆ ಸ್ವಲ್ಪ ಹೊತ್ತು ನೆಟ್ಟಗಿದ್ದು, ಬಾಗಿ, ನೆಲಕ್ಕೆ ಬಿತ್ತು. ಟ್ಯೂಬಿನೊಳಗೆ ತಿಳಿಯಾಗಿದ್ದದ್ದು ಗಂಜಿಯ ಹಾಗೆ ಕದಡಿಹೋಯಿತು.

ಅವಳು ಮೇಜನ್ನು ಗುದ್ದಿದಳು. ಇನ್ನೊಮ್ಮೆ ಗುದ್ದಿದಳು. ಬೈಯಬೇಕು, ಯಾರನ್ನು ಬೈಯಬೇಕು? ಅಕ್ಕನನ್ನೇ? ಮಗುವನ್ನೇ? ಜೀವಮಾನದಲ್ಲಿ ಮೊದಲ ಸಲ ಅವಳ ಕೋಪಕ್ಕೆ ಹೋಗಲು ದಾರಿಯಿರಲಿಲ್ಲ.

"ಒಂದಕ್ಷರ!" ಅಂದಳು. "ಒಂದಕ್ಷರ ತಪ್ಪಾದ್ರೆ ಶಾಲೆ ಮೇಷ್ಟ್ರು ಕೂಡ ಇಷ್ಟು ಹೊಡೆಯಲ್ಲ. ಇಷ್ಟುದ್ದದ ಎನ್ಜೈಮು, ಇನ್ನೆಲ್ಲ ಸರಿಯಾಗೇ ಇದೆಯಲ್ಲ! ಒಂದೇ ಒಂದು ಅಕ್ಷರಕ್ಕೆ ಆ ಕೂಸಿಗೆ ಯಾಕೆ ಈ ಶಿಕ್ಷೆ?"

ಅವನು ಸಮಾಧಾನ ಹೇಳಲಿಲ್ಲ. ಅದೊಂದು ಪುಣ್ಯ; ಹೇಳಿದ್ದರೆ ಟ್ಯೂಬು ಅವನ ತಲೆಗೆ ಬೀಳುತ್ತಿತ್ತು. ಎದ್ದು ಹೋಗಿ, ಐಸಿನಿಂದ ಇನ್ನೊಂದು ಟ್ಯೂಬು ತಂದ. ಹಸಿರು ಬಿಡಿಸದೆ ಹಾಗೇ ತೆಗೆದಿಟ್ಟಿದ್ದದ್ದು.

"ಇದನ್ನೂ ಅದೇ ಬಿಸಿಗೆ ಇಡೋಣ."

"ಇಟ್ಟು?"

"ನೋಡೋಣ."

ಇಟ್ಟರು. ಕಾದರು. ಅವನು ಟ್ಯೂಬನ್ನು ಕಿಟಕಿಯ ಬಿಸಿಲಿಗೆ ಹಿಡಿದ. ಹಸಿರು ಹಸಿರಾಗೇ ಇತ್ತು. ಆಚೆ ನಿಂತ ಅವಳ ಮುಖ ಅದರ ಮೂಲಕ ಕಾಣುವಷ್ಟು ತಿಳಿಯಾಗಿತ್ತು. ಅವನು ಅದನ್ನು ಸ್ವಲ್ಪ ಹೆಚ್ಚು ಹೊತ್ತೇ ಹಿಡಿದುಕೊಂಡಿದ್ದ.

"ಬರಿಗೈಯಲ್ಲಿದ್ರೆ ಬಿಸಿ ತಾಳಲ್ಲ," ಅಂದಳು ಅವಳು ಮೆಲ್ಲಗೆ. "ತುತ್ತು ಹಿಡ್ಕೊಂಡಿದ್ರೆ ತಾಳುತ್ತೆ."

"ಪುಟ್ಟಿಗೂ ಹಾಗೇನಾ?"

"ಅದನ್ನ ಟ್ಯೂಬು ಹೇಳೋ ಹಾಗಿಲ್ಲ. ಡಾಕ್ಟರೇ ನೋಡಿ ಹೇಳ್ಬೇಕು."

ಡಾಕ್ಟರು ಇವರ ಫಲಿತಾಂಶವನ್ನು ಮುಂದಿಟ್ಟುಕೊಂಡು ತಮ್ಮದೇ ಪರೀಕ್ಷೆ ಮಾಡಿದರು. ಪುಟ್ಟಿಯನ್ನು ಆಸ್ಪತ್ರೆಯಲ್ಲಿ ಕಣ್ಣೆದುರೇ ಮಲಗಿಸಿ, ಊಟವಿಲ್ಲದ ಹೊತ್ತಿನಲ್ಲಿ ಮತ್ತೆ ಮತ್ತೆ ರಕ್ತ ನೋಡಿದರು. ಕೊನೆಗೆ ಹೇಳಿದರು: ಚೆನ್ನಾಗಿರುವ ದಿನ ಹೊಟ್ಟೆ ತುಂಬ ತಿನ್ನಿಸಿ ಮಲಗಿಸಿ, ಎಬ್ಬಿಸಬೇಕಾಗಿಲ್ಲ. ಮೈ ಬೆಚ್ಚಗಾದರೆ ಮಾತ್ರ ಎಬ್ಬಿಸಿ, ತಿನ್ನಿಸಿ, ತಿನ್ನದಿದ್ದರೆ ತಕ್ಷಣ ಕರೆತನ್ನಿ.

ಮನೆಗೆ ಬಂದ ಮೊದಲ ರಾತ್ರಿ ಕಳೆದು ಬೆಳಗಾಯಿತು. ಅವಳು ಲ್ಯಾಬಿನಲ್ಲಿ ಫೋನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ಎಂಟಾಯಿತು, ಒಂಬತ್ತಾಯಿತು, ಅಕ್ಕನ ಸುಳಿವಿಲ್ಲ. ತಾನೇ ಮಾಡಿದರೆ ಅಕ್ಕ ಎತ್ತಲಿಲ್ಲ. ಅವನು ಪಕ್ಕದ ಮೇಜಿನಲ್ಲಿ ಏನೋ ಕೆಲಸ ಮಾಡುವ ನಾಟಕ ಆಡುತ್ತಿದ್ದ. ಒಂದೇ ಪಿಪೆಟ್ಟನ್ನು ಮತ್ತೆ ಮತ್ತೆ ಒರೆಸುತ್ತಿದ್ದ.

ಹತ್ತರ ಹೊತ್ತಿಗೆ ಫೋನು ಬಂತು.

"ಪುಟ್ಟಿ ಈಗ ನನ್ನನ್ನ ಎಬ್ಬಿಸಿದ್ಲು ಕಣೇ," ಅಂದಳು ಅಕ್ಕ. ದನಿಯಲ್ಲಿ ಇನ್ನೂ ನಿದ್ದೆ ಅಂಟಿತ್ತು. "ಅಮ್ಮಾ, ಹೊಟ್ಟೆ ಹಸೀತಿದೆ, ಏಳು ಅಂತ ಕೆನ್ನೆಗೆ ಹೊಡೀತಿದ್ಲು. ನಾನು ಮಲಗೇಬಿಟ್ಟಿದ್ದೆ. ಅವಳೂ ಮಲಗಿದ್ಲು. ಪೂರ್ತಿ."

ಅವಳ ಕಣ್ಣು ತುಂಬಿತು. ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ.

"ಇಷ್ಟು ಹೊತ್ತಿಗಾ ಫೋನ್ ಮಾಡೋದು? ಬುದ್ಧಿ ಇದೆಯಾ ನಿನಗೆ? ನಿನ್ನೆ ಮಧ್ಯಾಹ್ನದಿಂದ ಒಂದು ತುತ್ತು ಬಾಯಿಗೆ ಹಾಕ್ದೆ ಕೂತಿದ್ದೀನಿ ನಾನಿಲ್ಲಿ!"

ಅಕ್ಕ ಆ ಕಡೆ ನಕ್ಕಳು. ಈ ಕಡೆ ಪಿಪೆಟ್ಟು ಟಣ್ ಅಂತ ಮೇಜಿನ ಮೇಲೆ ಬಿತ್ತು. ಅವಳು ಫೋನು ಇಟ್ಟು ತಿರುಗಿದರೆ ಅವನು ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು.

"ನಿನ್ನೆ ಮಧ್ಯಾಹ್ನದಿಂದನಾ?"

"ಏನೀಗ?"

"ಏನೀಗನಾ? ಹಸಿದವರ ಮೈಯಲ್ಲಿ ಏನೇನಾಗುತ್ತೆ ಅಂತ ಊರಿಗೆಲ್ಲ ಪಾಠ ಹೇಳ್ತೀಯ, ಒಂದು ತುತ್ತು ತಿಂದಿಲ್ಲ ನೀನು! ಬೆಳಿಗ್ಗೆ ಕೇಳಿದ್ರೆ 'ಆಯ್ತು' ಅಂತ ಗದರಿದೆ. ಪುಟ್ಟಿಗೆ ಅವರಮ್ಮ ಇದ್ದಾರೆ. ಅವರಮ್ಮನಿಗೆ ನೀನಿದ್ದೀಯ. ನಿನಗೆ ಯಾರಿದ್ದಾರೆ ಅಂತ ಒಂದು ದಿನವಾದ್ರೂ ತಿರುಗಿ ನೋಡಿದ್ದೀಯಾ? ಇಲ್ಲೊಬ್ಬ ಕಂಬದ ಹಾಗೆ ನಿಂತಿದ್ದಾನೆ. ಬೈಯೋಕೆ ಮಾತ್ರ ಕಣ್ಣಿಗೆ ಬೀಳ್ತಾನಾ? ನೀನು ಬೈದಿದ್ದೆಲ್ಲ ಹೊಟ್ಟೆಗೆ ಹಾಕ್ಕೊಂಡಿದ್ದು ನನಗೆ ಸಿಟ್ಟು ಬರಲ್ಲ ಅಂತಲ್ಲ. ಇಷ್ಟ ಅಂತ. ನೀನು ಇಷ್ಟ ಅಂತ! ಗೊತ್ತಾಯ್ತಾ?"

ಅವನು ಮೇಜಿನ ಅಂಚು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ. ಕೋಪ ಮಾಡಿ ಅಭ್ಯಾಸವಿಲ್ಲದವರಿಗೆ ಅದು ಮೆಟ್ಟಿಲು ಹತ್ತಿದಷ್ಟೇ ಸುಸ್ತು.

ಅವಳು ಅವನ ಎದುರಿಗೆ ಬಂದು ನಿಂತಳು. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು, ಹುಬ್ಬು ಇನ್ನೂ ಗಂಟಿಕ್ಕಿತ್ತು.

"'ನೀನು' ಅಂದ್ರಿ."

"ಸಿಟ್ಟಲ್ಲಿ ಬಂದುಬಿಡ್ತು."

"ಅಷ್ಟೂ ಸಲಾನಾ?"

ಅವನು ಮೇಜಿನ ಮೇಲೆ ಬಿದ್ದಿದ್ದ ಪಿಪೆಟ್ಟನ್ನು ಎತ್ತಿ ಮತ್ತೆ ಒರೆಸತೊಡಗಿದ.

"ವಾಪಸ್ ತಗೊಳ್ತೀರಾ?"

ಅವನು ಅವಳನ್ನೇ ನೋಡಿದ. ಮೀಟಿಂಗಿನಲ್ಲಿ ನೋಡಿದ್ದ ಹಾಗೇ. ಈ ಸಲ ಅವಳು ಮುಖ ತಿರುಗಿಸಲಿಲ್ಲ.

"ಇಲ್ಲ," ಅಂದ.

"ತಗೊಂಡಿದ್ರೆ ಸಾಯಿಸಿಬಿಡ್ತಿದ್ದೆ," ಅಂದಳು. ಬೈಯಲು ಹೊರಟ ದನಿ ನಡುದಾರಿಯಲ್ಲೇ ಒಡೆದುಹೋಯಿತು. ಅವಳು ತೋಳಿನಿಂದ ಕಣ್ಣು ಒರೆಸಿಕೊಂಡು, ಅವನ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಬಾಗಿಲ ಕಡೆ ಎಳೆದಳು.

"ಏನು ನೋಡ್ತಾ ನಿಂತಿದ್ದೀಯ? ನಡಿ. ನನಗೆ ಹಸಿವಾಗ್ತಿದೆ."